ಫಿಲಾಸಫಿಗೆ ಔಟ್‌ಟರ್ನ್ ಎಷ್ಟು?

ಕೊಡಗಿನ ಗೋಣಿಕೊಪ್ಪದಲ್ಲಿ ಕಾಫಿ ಮಾರಲು ಹೋದರೆ ವ್ಯಾಪಾರಿ ಮೊದಲು ನೋಡುವುದು ಔಟ್‌ಟರ್ನ್. ಮೂಟೆಯಿಂದ ಒಂದಿಷ್ಟು ಒಣ ಚೆರಿ, ಅಂದರೆ ಒಣಗಿದ ಕಾಫಿ ಹಣ್ಣು, ತೆಗೆದು, ಸಿಪ್ಪೆ ಬಿಡಿಸಿ, ಬೀಜ ತೂಗುತ್ತಾನೆ. 50 ಕೆಜಿ ಮೂಟೆಗೆ 26 ಕೆಜಿ ಬೀಜ ಬಂದರೆ ಔಟ್‌ಟರ್ನ್ 26. ದುಡ್ಡೆಲ್ಲ ಅದಕ್ಕೇ. ಈಗ ನಮ್ಮಲ್ಲಿ ಡಿಗ್ರಿಗೂ ಇದೇ ಲೆಕ್ಕ ಶುರುವಾಗಿದೆ. ಆದರೆ ಸ್ಯಾಂಪಲ್ ತೆಗೆಯುವುದು ಫಿಲಾಸಫಿ ಮೂಟೆಯಿಂದ ಮಾತ್ರ!

ನಮ್ಮ ನೆಂಟರ ಹುಡುಗನೊಬ್ಬ ಮೈಸೂರಿಗೆ ಹೋಗಿ ಫಿಲಾಸಫಿ ಎಂ.ಎ. ಮಾಡುತ್ತೇನೆ ಎಂದ. ಮನೆಯಲ್ಲಿ ಸಭೆ ಸೇರಿತು. ಸರ್ಕಾರಿ ವಿಶ್ವವಿದ್ಯಾಲಯ, ಫೀಸು ಕಡಿಮೆ ಎಂದದ್ದೇ ತಪ್ಪಾಯಿತು. "ಇಷ್ಟು ಅಗ್ಗಕ್ಕೆ ಕೊಡ್ತಾರೆ ಅಂದ್ರೆ ಒಳಗೆ ಬೀಜ ಇಲ್ಲ ಅಂತಲೇ ಅರ್ಥ" ಎಂದರು ಅವನ ಮಾವ. ಮಗನ ಇಂಜಿನಿಯರಿಂಗ್ ಮ್ಯಾನೇಜ್‌ಮೆಂಟ್ ಸೀಟಿಗೆ ತೋಟದ ಒಂದು ತುಂಡು ಮಾರಿದವರು ಅವರು. ಮಗ ಈಗ ಹೋಂಸ್ಟೇ ನಡೆಸುತ್ತಾನೆ. ಶನಿವಾರ ಸಂಜೆ ಕ್ಯಾಂಪ್‌ಫೈರ್ ಹಚ್ಚುತ್ತಾನೆ, ಗೀಸರ್ ಕೆಟ್ಟರೆ ಎಲೆಕ್ಟ್ರಿಷಿಯನ್‌ಗೆ ಫೋನ್ ಮಾಡುತ್ತಾನೆ. ಆ ಡಿಗ್ರಿಯ ಔಟ್‌ಟರ್ನ್ ಎಷ್ಟು ಅಂತ ಈವರೆಗೆ ಯಾರೂ ಕೇಳಿಲ್ಲ. ಕೇಳಿದರೆ ಊಟಕ್ಕೆ ಕರೆಯುವುದಿಲ್ಲ, ಅಲ್ವಾ?

ಸರ್ಕಾರದ ಕೈಯಲ್ಲಿರುವುದೂ ಇದೇ ತಕ್ಕಡಿ. ಚಿಕ್ಕಅಳುವಾರದಲ್ಲಿ 2023ರಲ್ಲಿ ಕೊಡಗು ವಿಶ್ವವಿದ್ಯಾಲಯ ಶುರುವಾಯಿತು. 2025ರಲ್ಲಿ ಸಂಪುಟ ಉಪಸಮಿತಿ ಇದೂ ಸೇರಿ 9 ವಿಶ್ವವಿದ್ಯಾಲಯಗಳನ್ನು ಮುಚ್ಚೋಣ ಎಂದಿತು, ಖರ್ಚು ಜಾಸ್ತಿಯಂತೆ. ಕಾಫಿ ಗಿಡ ನೆಟ್ಟವನೂ ಫಸಲಿಗೆ ಮೂರ್ನಾಲ್ಕು ವರ್ಷ ಕಾಯುತ್ತಾನೆ.

ಹುಡುಗ ಬಿಡಲಿಲ್ಲ. "ಮೈಸೂರಿನಲ್ಲಿ ಫಿಲಾಸಫಿ ಪಾಠ ಮಾಡಿದ ರಾಧಾಕೃಷ್ಣನ್ ರಾಷ್ಟ್ರಪತಿಯೇ ಆದ್ರು ಮಾವ."

"ಅದು ಇರೋದೇ ಒಂದು ಪೋಸ್ಟು."

"ಎನ್‌ಇಟಿ ಪರೀಕ್ಷೆ ಬರೆದು ಜೆಆರ್‌ಎಫ್ ಫೆಲೋಶಿಪ್ ಸಿಕ್ಕಿದ್ರೆ ಪಿಎಚ್‌ಡಿ ಮಾಡೋಕೆ ತಿಂಗಳಿಗೆ 37,000 ರೂಪಾಯಿ ಅವರೇ ಕೊಡ್ತಾರೆ."

"ಕೂತು ಯೋಚನೆ ಮಾಡೋದಕ್ಕಾ?" ಮಾವನಿಗೆ ನಿಜವಾಗಿಯೂ ಸಂಕಟವಾಯಿತು. ಆಳು ಸಿಗದೆ ಅವರ ತೋಟದ ಕೊಯ್ಲು ಅರ್ಧಕ್ಕೇ ನಿಂತಿತ್ತು.

ಕೊನೆಗೆ ಹುಡುಗ ಹಳೇ ಗ್ರೀಕ್ ಫಿಲಾಸಫರ್ ಥೇಲ್ಸ್‌ನನ್ನು ಕರೆತಂದ. ಅರಿಸ್ಟಾಟಲ್ ಬರೆದಿಟ್ಟ ಕತೆ ಇದು. ಫಿಲಾಸಫಿ ನೆಚ್ಚಿ ಬಡವನಾಗಿಯೇ ಉಳಿದ ಎಂದು ಜನ ಥೇಲ್ಸ್‌ನನ್ನು ಆಡಿಕೊಂಡರಂತೆ. ಅವನು ನಕ್ಷತ್ರ ನೋಡಿ, ಮುಂದಿನ ಆಲಿವ್ ಫಸಲು ಜೋರು ಎಂದು ಲೆಕ್ಕ ಹಾಕಿದ. ಚಳಿಗಾಲದಲ್ಲೇ ಸ್ವಲ್ಪ ಮುಂಗಡ ಕೊಟ್ಟು ಸುತ್ತಲಿನ ಗಾಣಗಳನ್ನೆಲ್ಲ ಹಿಡಿದುಕೊಂಡ. ಕೊಯ್ಲಿನ ಹೊತ್ತಿಗೆ ಅವನು ಹೇಳಿದ್ದೇ ಬಾಡಿಗೆ.

ಮಾವ ನೆಟ್ಟಗೆ ಕೂತರು. "ಮಾರಾಯ, ಇದು ಸಿಲೆಬಸ್‌ನಲ್ಲಿ ಇದೆಯಾ?"

"ಗ್ರೀಕ್ ಪಾಠ ಶುರುವಾಗೋದೇ ಇವನಿಂದ."

"ಹಾಗಾದ್ರೆ ಸುಮ್ನೆ ತಡ ಮಾಡ್ಬೇಡ, ಹೋಗಿ ಸೇರ್ಕೋ. ಹೂಮಳೆ ಯಾವತ್ತು ಬೀಳುತ್ತೆ, ರೋಬಸ್ಟಾ ರೇಟು ಯಾವಾಗ ಏರುತ್ತೆ, ಅಷ್ಟು ಕಲ್ತುಕೊಂಡು ಬಾ. ಉಳಿದದ್ದು ಪಾಸಾಗೋವಷ್ಟು ಓದಿದ್ರೆ ಸಾಕು."