‘ಆಧಾರ: ಗೂಗಲ್’

ಬಹಮನಿ ಸುಲ್ತಾನರ ಮಂತ್ರಿ ಮಹಮೂದ್ ಗವಾನ್ ಬೀದರಿನಲ್ಲಿ ಕಟ್ಟಿಸಿದ ಮದರಸಾ ಕುರಿತ ಪದವಿ ವಿದ್ಯಾರ್ಥಿಯ ಕಿರುಪ್ರಬಂಧ ನಿನ್ನೆ ಕೈಗೆ ಬಂತು. ಕೊನೆಯ ಪುಟದಲ್ಲಿ ‘ಆಧಾರ: ಗೂಗಲ್’ ಎಂದಿಷ್ಟೇ. ಸಾಕಾಗಿ ಹೋಯಿತು! ಗೂಗಲ್ ಹುಡುಕಿ ಕೊಡುತ್ತದೆ, ಬರೆದವರು ಬೇರೆ ಯಾರೋ ಇರುತ್ತಾರಲ್ಲ? ಅವರು ಯಾರು, ಏನನ್ನು ನೋಡಿ ಬರೆದರು ಎಂದು ಕೇಳಿದರೆ ‘ಮೊದಲಿಗೆ ಅದೇ ಬಂತು ಸರ್’ ಎನ್ನುತ್ತಾರೆ. ಮೊದಲು ಬಂದದ್ದೆಲ್ಲ ನಿಜವೇ?

ಪ್ರವಾಸ ಏಜೆನ್ಸಿಯ ಜಾಹೀರಾತು ಇವರಿಗೆ ಇತಿಹಾಸ. ಬರೆದವರ ಹೆಸರೇ ಇಲ್ಲದ ಯೂಟ್ಯೂಬ್ ವಿಡಿಯೊ ಸಂಶೋಧನೆ. ವಾಟ್ಸ್‌ಆಪ್ ಸಂದೇಶವನ್ನಂತೂ ‘ಫಾರ್ವರ್ಡೆಡ್’ ಎಂಬ ಗುರುತಿನ ಸಮೇತ ಸ್ಕ್ರೀನ್‌ಶಾಟ್ ತೆಗೆದು ಅಂಟಿಸಿರುತ್ತಾರೆ. 1472ರ ಕಟ್ಟಡವನ್ನು ಈ ಪ್ರಬಂಧ ಹದಿನಾರನೆಯ ಶತಮಾನಕ್ಕೆ ತಳ್ಳಿದೆ. 1481ರಲ್ಲೇ ಕೊಲೆಯಾದ ಗವಾನ್ ಅದನ್ನು ಹೇಗೆ ಕಟ್ಟಿಸಿಯಾನು ಎಂಬ ಸಂಶಯ ಒಮ್ಮೆಯಾದರೂ ಹುಟ್ಟಬೇಡವೇ?

ಬೀದರಿನ ಇತಿಹಾಸ, ಸ್ಮಾರಕಗಳ ಬಗ್ಗೆ ಪುರಾತತ್ವಜ್ಞ ಗುಲಾಂ ಯಜ್ದಾನಿಯವರು 1947ರಲ್ಲಿ ಹೊರತಂದ ಗ್ರಂಥ ಗ್ರಂಥಾಲಯದ ಕಪಾಟಿನಲ್ಲಿ ದೂಳು ಹಿಡಿದು ಕೂತಿದೆ. ಮದರಸಾ ಹಳೆ ಊರಿನ ನಡುವೆಯೇ ನಿಂತಿದೆ, ಉಳಿದ ಮಿನಾರಿನ ಮೇಲೆ ಬಣ್ಣದ ಹೆಂಚುಬಿಲ್ಲೆಗಳು ಇನ್ನೂ ಕಾಣುತ್ತವೆ. ಎಲ್ಲಿಯವರೋ ಬರೆದದ್ದನ್ನು ಕಣ್ಣು ಮುಚ್ಚಿ ನಂಬುವ ಇದೇ ಊರಿನ ಮಕ್ಕಳಿಗೆ, ಆಟೊ ಹತ್ತಿ ಅಲ್ಲಿಗೆ ಹೋಗಿ ಕಣ್ಣಾರೆ ನೋಡಲು ಏನು ಕಷ್ಟ?