ಸತ್ಯಾಂಶ: ಗಟ್ಟಿ ಶಾಕ್ ಅಬ್ಸಾರ್ಬರ್ ಹಾಕಿದರೆ ಕುಸಿದ ಪದ್ಮಿನಿ ಕಾರು ಮೇಲೇಳುತ್ತಾ?

"ಹಳೇ ಪದ್ಮಿನಿ ಹಿಂದೆ ಕುಸಿದಿದೆಯಾ? ಗಟ್ಟಿ ಶಾಕ್ ಹಾಕಿಸಿ, ಮೇಲೇಳುತ್ತದೆ" ಎಂಬ ಮೆಸೇಜ್ ಹುಬ್ಬಳ್ಳಿ-ಧಾರವಾಡದ ವಾಟ್ಸಾಪ್ ಗುಂಪುಗಳಲ್ಲಿ ಸುತ್ತುತ್ತಿದೆ. ಇದು ತಪ್ಪು.

ಗಾಡಿಯ ಭಾರ ಹೊರುವುದು ಸ್ಪ್ರಿಂಗ್. ಪದ್ಮಿನಿಗೆ ಮುಂದೆ ಸುರುಳಿ ಸ್ಪ್ರಿಂಗ್, ಹಿಂದೆ ಪಟ್ಟಿ ಸ್ಪ್ರಿಂಗ್. ಮಾಮೂಲಿ ಎಣ್ಣೆ ಶಾಕ್‌ನ ಕೆಲಸ ಕುಣಿತ ತಡೆಯುವುದಷ್ಟೇ. ಒಳಗಿನ ಎಣ್ಣೆ ಸಣ್ಣ ತೂತುಗಳಲ್ಲಿ ನುಗ್ಗುವಾಗ ಆಗುವ ತಡೆಯೇ ಅದರ ಬಲ. ಗಾಡಿ ನಿಂತರೆ ಆ ಬಲವೂ ಇಲ್ಲ. ಇನ್ನು ಎತ್ತುವುದೆಲ್ಲಿಂದ ಬಂತು?

ಸಮತಟ್ಟು ನೆಲದಲ್ಲಿ ನಿಲ್ಲಿಸಿ ಎರಡೂ ಬದಿಯ ಎತ್ತರ ಅಳೆಯಿರಿ. ಪಟ್ಟಿಗಳ ಬಾಗು ಚಪ್ಪಟೆಯಾಗಿದ್ದರೆ ಜೋಡಿಯಾಗಿಯೇ ಬದಲಿಸಿ. ಮೂಲೆ ಒತ್ತಿ ಬಿಟ್ಟಾಗ ಗಾಡಿ ಕುಣಿಯುತ್ತಲೇ ಇದ್ದರೆ, ಶಾಕ್ ಮೈಮೇಲೆ ಎಣ್ಣೆ ಇಳಿದಿದ್ದರೆ, ಆಗ ಶಾಕ್ ನೋಡಿ. ಸುಮ್ನೆ ಗಟ್ಟಿಯದು ಹಾಕಿಸಿದರೆ ಗದಗ ರಸ್ತೆಯ ಗುಂಡಿಗಳಲ್ಲಿ ನಿಮ್ಮ ಸೊಂಟಕ್ಕೇ ಏಟು ಜಾಸ್ತಿ.