ತೇಜಿಮೋಲಾ ಕತೆ ಕೇಳಿದ ಮಕ್ಕಳು

ರಾಜ್ಯೋತ್ಸವ, ಗಣರಾಜ್ಯೋತ್ಸವ ಹತ್ತಿರ ಬಂತೆಂದರೆ ಶಾಲೆಗಳಲ್ಲಿ ವೇಷಭೂಷಣದ ತಯಾರಿ ಶುರುವಾಗುತ್ತದೆ. ಒಬ್ಬನಿಗೆ ಪಂಜಾಬಿ ಪೇಟ, ಒಬ್ಬಳಿಗೆ ಕೇರಳದ ಸೀರೆ, ಇನ್ನೊಬ್ಬನಿಗೆ ಕೊಡವರ ಕುಪ್ಯ ಚೇಲೆ ಉಡಿಸಿ ಸೊಂಟಕ್ಕೆ ಪೀಚೆಕತ್ತಿ. ಅಸ್ಸಾಮಿನ ಅಗಲವಾದ ಜಾಪಿ ಟೋಪಿಯನ್ನು ರಟ್ಟಿನಲ್ಲಿ ಕತ್ತರಿಸಿ ಬಣ್ಣ ಬಳಿದು ಒಂದು ಮಗುವಿನ ತಲೆ ಮೇಲಿಡುತ್ತೇವೆ. ಮುಂದೆ ನಿಂತ ಮಗುವಿನ ಕೈಯಲ್ಲಿ 'ವಿವಿಧತೆಯಲ್ಲಿ ಏಕತೆ' ಎಂಬ ಬೋರ್ಡು. ಫೋಟೊ ಚೆನ್ನಾಗಿಯೇ ಬರುತ್ತದೆ. ಆದರೆ ನಮ್ಮ ಕಡೆಯ ಎಷ್ಟೋ ಶಾಲೆಗಳಲ್ಲಿ ಅದೇ ಹೊತ್ತಿಗೆ ಹಿಂದಿನ ಸಾಲಿನಲ್ಲಿ ಅಸ್ಸಾಮಿನಿಂದಲೇ ಬಂದ ಮಗುವೊಂದು ಯೂನಿಫಾರ್ಮ್ ಹಾಕಿಕೊಂಡು ಸುಮ್ಮನೆ ನಿಂತಿರುತ್ತದೆ. ಅದರ ಊರು ಯಾವುದು, ಅಲ್ಲಿ ಮಳೆ ಹೇಗೆ ಬರುತ್ತದೆ, ರಾತ್ರಿ ಅಜ್ಜಿ ಯಾವ ಕತೆ ಹೇಳುತ್ತಿದ್ದಳು ಅಂತ ಯಾರೂ ಕೇಳಿರುವುದಿಲ್ಲ. ನನ್ನ ತಕರಾರು ಇರುವುದು ಇಲ್ಲಿಯೇ.

ನಾನು ದಕ್ಷಿಣ ಕೊಡಗಿನ ಒಂದು ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ಪಾಠ ಮಾಡುವವಳು. ದೇಶದ ಕಾಫಿಯಲ್ಲಿ ನೂರಕ್ಕೆ 70ರಷ್ಟು ಬೆಳೆಯುವುದು ಕರ್ನಾಟಕದಲ್ಲಿ, ಅದರಲ್ಲೂ ಹೆಚ್ಚುಕಡಿಮೆ ಅರ್ಧ ಕೊಡಗಿನದೇ. ನವೆಂಬರ್ ಕಳೆಯುತ್ತಿದ್ದಂತೆ ಅರೇಬಿಕಾ ಕುಯ್ಲು, ಆಮೇಲೆ ಮಾರ್ಚ್‌ವರೆಗೂ ರೋಬಸ್ಟಾ. ಹಣ್ಣು ಕುಯ್ಯುವ ಕೈಗಳು ಈಗ ಬಹುಪಾಲು ಹೊರಗಿನವು. ಅಸ್ಸಾಮಿನಿಂದ ಬರುವವರು ಸಂಸಾರ ಸಮೇತ ಬರುತ್ತಾರೆ, ತೋಟದ ಲೈನ್ ಮನೆಗಳಲ್ಲಿ ಉಳಿಯುತ್ತಾರೆ. ಅವರ ಮಕ್ಕಳು ನಮ್ಮ ಶಾಲೆಗೆ ಬರುತ್ತವೆ, ಬರಬೇಕು. ನನ್ನ ತರಗತಿಯಲ್ಲಿ ಕೊಡವ ತಕ್ಕ್ ಮಾತಾಡುವವರಿದ್ದಾರೆ, ಅರೆಭಾಷೆಯವರಿದ್ದಾರೆ, ಆದಿವಾಸಿಗಳಾದ ಯರವರ ಮಕ್ಕಳು, ಜೇನು ಕುರುಬರ ಮಕ್ಕಳು, ಮಲಯಾಳಿಗಳು, ತುಳು ಮನೆಯವರು. ಮನೆಯಲ್ಲಿ ಕನ್ನಡವನ್ನೇ ಆಡುವ ಮಕ್ಕಳು ಇಲ್ಲಿ ಕಡಿಮೆ. ಇಡೀ ರಾಜ್ಯದ ಲೆಕ್ಕ ತೆಗೆದರೂ 2011ರ ಜನಗಣತಿಯಲ್ಲಿ ಕನ್ನಡ ಮಾತೃಭಾಷೆ ಎಂದವರು ನೂರಕ್ಕೆ 66 ಚಿಲ್ಲರೆ. ಮಿಕ್ಕವರೆಲ್ಲ ಉರ್ದು, ತೆಲುಗು, ತಮಿಳು, ಮರಾಠಿ, ತುಳು, ಕೊಂಕಣಿ, ಹೀಗೆ ಬೇರೆ ಮನೆಮಾತಿನವರು. ಅಂದರೆ ವೈವಿಧ್ಯವನ್ನು ವೇಷ ಹಾಕಿಸಿ ಎಲ್ಲಿಂದಲೋ ತರುವ ಅಗತ್ಯವೇ ನಮಗಿಲ್ಲ. ಅದು ದಿನಾ ಬೆಳಿಗ್ಗೆ ಬ್ಯಾಗು ಹೊತ್ತುಕೊಂಡು ಗೇಟಿನೊಳಗೆ ಬರುತ್ತದೆ.

ಬಂದ ಮೇಲೆ ಏನಾಗುತ್ತದೆ ಅನ್ನುವುದನ್ನೂ ಹೇಳಬೇಕು. ಆಟದ ಮೈದಾನದಲ್ಲಿ ಜಗಳವಾದಾಗ ಆ ಮಕ್ಕಳಿಗೆ ಬೀಳುವ ಮೊದಲ ಬೈಗುಳ 'ಬಾಂಗ್ಲಾ'. ಎಂಟು ವರ್ಷದ ಮಗುವಿಗೆ ಬಾಂಗ್ಲಾದೇಶ ಎಲ್ಲಿದೆ ಅಂತ ಗೊತ್ತಿರುವುದಿಲ್ಲ. ಅಂಗಡಿ ಕಟ್ಟೆಯಲ್ಲಿ, ಬಸ್ಸಿನಲ್ಲಿ, ಮನೆಯ ಜಗುಲಿಯಲ್ಲಿ ದೊಡ್ಡವರು ಆಡಿದ್ದು ಅದರ ಕಿವಿಗೆ ಬಿದ್ದಿರುತ್ತದೆ, ಅಷ್ಟೆ. ಹಾಗೆಲ್ಲ ಅನ್ನಬಾರದು ಅಂತ ಗದರಿಸಿದರೆ ನನ್ನೆದುರು ಅನ್ನುವುದಿಲ್ಲ, ಗೇಟಿನಾಚೆ ಅನ್ನುತ್ತವೆ. ನೀತಿಪಾಠದಿಂದ ಆಗುವ ಕೆಲಸ ಇದಲ್ಲ ಎಂದು ನನಗೆ ಅನುಭವದಿಂದ ಖಾತ್ರಿಯಾಗಿದೆ.

ಶನಿವಾರದ ಕೊನೆಯ ಪೀರಿಯಡ್ಡು ನಮ್ಮಲ್ಲಿ ಕತೆಯದು. ನಾನು ಹೇಳುವುದಿಲ್ಲ, ಮಕ್ಕಳೇ ಹೇಳಬೇಕು. ಒಂದೇ ನಿಯಮ: ಪುಸ್ತಕದ್ದು ಬೇಡ, ಟೀವಿಯದ್ದು ಬೇಡ, ಮನೆಯಲ್ಲಿ ಯಾರಾದರೂ ಹೇಳಿದ್ದಾಗಿರಬೇಕು. ಮೊದಮೊದಲು ಕಾಗಕ್ಕ ಗುಬ್ಬಕ್ಕ ಬಿಟ್ಟರೆ ಬೇರೆ ಕತೆಯೇ ಹೊರಡುತ್ತಿರಲಿಲ್ಲ. ಬರಬರುತ್ತಾ ಅಜ್ಜಿಯರ ಹಿಂದೆ ಬಿದ್ದು ಕತೆ ತರತೊಡಗಿದರು.

ನಾಲ್ಕನೇ ಕ್ಲಾಸಿನಲ್ಲಿ ಅಸ್ಸಾಮಿನ ಹುಡುಗಿಯೊಬ್ಬಳಿದ್ದಳು. ಕನ್ನಡ ಅರ್ಥವಾಗುತ್ತಿತ್ತು, ಮಾತು ಹೊರಡುತ್ತಿರಲಿಲ್ಲ. ಪಕ್ಕದಲ್ಲಿ ಕೂರುತ್ತಿದ್ದ ಯರವರ ಹುಡುಗಿಯ ಜೊತೆ ಮಾತ್ರ ಕಿವಿಯಲ್ಲಿ ಪಿಸಪಿಸ. ಒಂದು ಶನಿವಾರ ಆ ಗೆಳತಿಯೇ ಎದ್ದು, "ಮಿಸ್, ಇವಳ ಹತ್ರ ಒಂದು ಕತೆ ಉಂಟು. ನನಗೆ ಹೇಳಿದ್ದಾಳೆ. ಇಬ್ಬರೂ ಸೇರಿ ಹೇಳ್ತೇವೆ" ಅಂದಳು.

ಅವರು ಹೇಳಿದ್ದು ತೇಜಿಮೋಲಾ ಎಂಬ ಹುಡುಗಿಯ ಕತೆ. ಅಸ್ಸಾಮಿನಲ್ಲಿ ಗೊತ್ತಿಲ್ಲದ ಮಗುವಿಲ್ಲ ಅನ್ನುವಷ್ಟು ಹಳೆಯ ಜನಪದ ಕತೆ. ಅಪ್ಪ ವ್ಯಾಪಾರಿ, ದೋಣಿಯಲ್ಲಿ ದೂರ ಹೋಗುತ್ತಾನೆ. ಮಲತಾಯಿಗೆ ಈ ಹುಡುಗಿಯನ್ನು ಕಂಡರಾಗದು. ಗೆಳತಿಯ ಮದುವೆಗೆಂದು ಕೊಟ್ಟ ರೇಷ್ಮೆ ಬಟ್ಟೆಯ ಮಡಿಕೆಯಲ್ಲಿ ಇಲಿಯನ್ನೂ ಕೆಂಡವನ್ನೂ ಅಡಗಿಸಿಟ್ಟು, ಬಟ್ಟೆ ಹಾಳಾಗಿದ್ದಕ್ಕೆ ಶಿಕ್ಷೆ ಎಂದು ಭತ್ತ ಕುಟ್ಟುವ ಧೇಂಕಿಯಲ್ಲಿ ಅವಳ ಕೈ, ಕಾಲು, ಕೊನೆಗೆ ತಲೆಯನ್ನೂ ಜಜ್ಜಿ ಕೊಲ್ಲುತ್ತಾಳೆ. ಹೂತ ಜಾಗದಲ್ಲಿ ಸೋರೆ ಬಳ್ಳಿ ಹಬ್ಬುತ್ತದೆ. ಕಾಯಿ ಕೀಳಲು ಬಂದ ಮುದುಕಿಗೆ ಬಳ್ಳಿ ಹಾಡಿ ಹೇಳುತ್ತದೆ: ಕೈ ಚಾಚಬೇಡ, ನಾನು ತೇಜಿಮೋಲಾ. ಮಲತಾಯಿ ಬಳ್ಳಿಯನ್ನು ಕಿತ್ತೆಸೆದರೆ ಹುಳಿಹಣ್ಣಿನ ಗಿಡವಾಗುತ್ತಾಳೆ. ಅದನ್ನೂ ಕಿತ್ತು ಹೊಳೆಗೆ ಹಾಕಿದರೆ ನೀರಿನ ಮೇಲೆ ಹೂವಾಗುತ್ತಾಳೆ. ದೋಣಿಯಲ್ಲಿ ಊರಿಗೆ ಮರಳುತ್ತಿದ್ದ ಅಪ್ಪ ಮಗಳಿಗೆಂದು ಆ ಹೂವಿಗೆ ಕೈ ಹಾಕಿದಾಗ, ಹೂವು ಹಾಡುತ್ತದೆ.

ಧೇಂಕಿ ಅಂದರೆ ಏನು ಅಂತ ಯಾರಿಗೂ ಗೊತ್ತಾಗಲಿಲ್ಲ. ಅವಳು ರಬ್ಬರಿನ ಮೇಲೆ ಅಡ್ಡಲಾಗಿ ಸ್ಕೇಲ್ ಇಟ್ಟು, ಒಂದು ತುದಿಯನ್ನು ಬೆರಳಿಂದ ಒತ್ತಿ ಬಿಟ್ಟು ತೋರಿಸಿದಳು. ಈ ಕಡೆ ಕಾಲಲ್ಲಿ ತುಳಿದರೆ ಆ ತುದಿ ಏಳುತ್ತದೆ, ಬಿಟ್ಟರೆ ಭತ್ತದ ಮೇಲೆ ಬೀಳುತ್ತದೆ. ಹಿಂದಿನ ಬೆಂಚಿನವರೆಲ್ಲ ಎದ್ದು ಬಂದು ಸುತ್ತ ನಿಂತು ನೋಡಿದರು. ಹಾಡಿನ ಜಾಗಕ್ಕೆ ಬಂದಾಗ ಗೆಳತಿ ಸುಮ್ಮನಾದಳು, ಇವಳು ಅಸ್ಸಾಮಿ ಭಾಷೆಯಲ್ಲೇ ಹಾಡಿದಳು. ಬಳ್ಳಿ ಒಂದು ಸಲ, ಗಿಡ ಒಂದು ಸಲ, ಹೂವು ಒಂದು ಸಲ ಹಾಡಬೇಕು. ಮೂರನೆಯ ಸಲಕ್ಕೆ ಅರ್ಧ ಕ್ಲಾಸು ದನಿಗೂಡಿಸಿತ್ತು.

ಮುಗಿದ ಮೇಲೆ ಬಂದ ಪ್ರಶ್ನೆಗಳನ್ನು ನಾನು ಮರೆಯಲಾರೆ. "ಅಪ್ಪ ಬರೋವಷ್ಟರಲ್ಲಿ ಅವಳು ಎಷ್ಟು ಸಲ ಸತ್ತಳು?" ಅಂತ ಒಬ್ಬ. "ಅಪ್ಪ ಯಾಕೆ ಅಷ್ಟು ದಿನ ಬರಲಿಲ್ಲ?" ಅಂತ ಇನ್ನೊಬ್ಬ. ಅವನ ಅಪ್ಪ ಕೊಲ್ಲಿ ದೇಶದಲ್ಲಿರುವುದು, ನೋಡಿ ವರ್ಷಗಳಾಗಿರುವುದು. ಅಸ್ಸಾಮಿನ ಹುಡುಗಿ ಅವನ ಮುಖವನ್ನೇ ನೋಡಿ, "ಹೊಳೆ ದೊಡ್ಡದು" ಅಂದಳು. ಅವಳು ಕ್ಲಾಸಿನ ಎದುರು ಯಾರ ಸಹಾಯವೂ ಇಲ್ಲದೆ ಆಡಿದ ಮೊದಲ ಕನ್ನಡ ಮಾತು ಅದು.

ಅಷ್ಟರಲ್ಲಿ ಅರಕಲಗೂಡು ಕಡೆಯಿಂದ ಬಂದ ಹುಡುಗಿಯೊಬ್ಬಳು, "ನಮ್ಮಜ್ಜಿ ಹೇಳೋದು ಬೇರೆ. ನಮ್ಮ ಕತೇಲಿ ಹುಡುಗಿ ಹೂವಿನ ಮರ ಆಗ್ತಾಳೆ" ಅಂತ ಶುರು ಮಾಡಿದಳು. ಒಂದು ತಂಬಿಗೆ ನೀರು ಹೊಯ್ದರೆ ಮರ, ಹೂ ಕಿತ್ತ ಮೇಲೆ ಇನ್ನೊಂದು ತಂಬಿಗೆ ಹೊಯ್ದರೆ ಮತ್ತೆ ಹುಡುಗಿ. ಕೊಂಬೆ ಮುರಿಯಬಾರದು, ಎಲೆ ಹರಿಯಬಾರದು. ನಾದಿನಿ ಮಾತು ಕೇಳದೆ ಮುರಿದುಬಿಡುತ್ತಾಳೆ. ಕರ್ನಾಟಕದ ಹಳ್ಳಿಗಳಲ್ಲಿ ಹೆಂಗಸರು ತಲೆಮಾರುಗಳಿಂದ ಹೇಳಿಕೊಂಡು ಬಂದ ಕತೆ. ಬ್ರಹ್ಮಪುತ್ರೆಯ ದಡದ ಮನೆಯಲ್ಲೂ ಹಾಸನದ ಸೀಮೆಯ ಮನೆಯಲ್ಲೂ ಹೆಣ್ಣುಮಕ್ಕಳ ಸಂಕಟ ಗಿಡವಾಗಿ ಹೂವಾಗಿ ಬಾಯಿಬಿಟ್ಟಿದೆ. ಇದನ್ನು ನಾನು ಬೋರ್ಡಿನ ಮೇಲೆ ಬರೆದು ವಿವರಿಸಲಿಲ್ಲ. ಮಕ್ಕಳೇ ಎರಡು ಕತೆಯನ್ನೂ ಪಕ್ಕಪಕ್ಕ ಇಟ್ಟು, ಯಾವ ಹುಡುಗಿಗೆ ಹೆಚ್ಚು ಕಷ್ಟವಾಯಿತು ಅಂತ ಬೆಲ್ ಹೊಡೆಯುವ ತನಕ ವಾದ ಮಾಡಿದರು.

ಕಾಗಕ್ಕ ಗುಬ್ಬಕ್ಕನ ವಿಷಯವೂ ಹಾಗೆಯೇ. ಮಹಾರಾಷ್ಟ್ರದ ಬೀಡ್ ಜಿಲ್ಲೆಯಿಂದ ಕಬ್ಬು ಕಡಿಯಲು ಬರುವವರ ಮಕ್ಕಳು ಬೆಳಗಾವಿ, ಬಾಗಲಕೋಟೆ ಕಡೆ ಗದ್ದೆ ಪಕ್ಕದ ಗುಡಿಸಲುಗಳಲ್ಲಿ ಇರುತ್ತಾರೆ. ಆ ಮಕ್ಕಳ ಮರಾಠಿ ಕತೆಯಲ್ಲೂ ಕಾಗೆಯ ಮನೆ ಸಗಣಿಯದು, ಗುಬ್ಬಿಯ ಮನೆ ಮಾತ್ರ ಮೇಣದ್ದು. ಮಳೆಗೆ ಮನೆ ಕೊಚ್ಚಿಹೋದ ಕಾಗೆ ಬಂದು ಬಾಗಿಲು ಬಡಿದರೆ ಗುಬ್ಬಿ ಅಲ್ಲಿಯೂ, ತಾಳು, ಮಗುವಿಗೆ ಸ್ನಾನ ಮಾಡಿಸ್ತಿದ್ದೀನಿ ಅನ್ನುತ್ತದೆ. ಗಡಿಯ ಬಗ್ಗೆ ದೊಡ್ಡವರು ಎಷ್ಟು ಜಗಳವಾಡಿದ್ದೇವೆ! ಗುಬ್ಬಿ ಎರಡೂ ಕಡೆ ಅದೇ ನೆಪ ಹೇಳುತ್ತಾ ಬಂದಿದೆ.

ಜೇನು ಕುರುಬರ ಹುಡುಗನೊಬ್ಬ ಹೇಳಿದ ದೇವರಪುರದ ಕುಂಡೆ ಹಬ್ಬದ ಕತೆಗಂತೂ ಮಕ್ಕಳು ಬಿದ್ದು ಬಿದ್ದು ನಕ್ಕರು. ಬೇಟೆಗೆಂದು ಕಾಡಿಗೆ ಕರೆದುಕೊಂಡು ಹೋದ ಅಯ್ಯಪ್ಪ ದೇವರು ಭದ್ರಕಾಳಿಯ ಹಿಂದೆ ಹೋಗಿ ಜೇನು ಕುರುಬರನ್ನು ನಡುಕಾಡಲ್ಲಿ ಬಿಟ್ಟನಂತೆ. ಅದಕ್ಕೇ ವರ್ಷಕ್ಕೊಮ್ಮೆ ವೇಷ ಹಾಕಿ, ಡೋಲು ಬಡಿಯುತ್ತಾ ದೇವರನ್ನೇ ಬೈಯುವ ಹಬ್ಬ. ಆ ಹಬ್ಬವನ್ನು ಗೋಣಿಕೊಪ್ಪಲಿನ ಪೇಟೆಯಲ್ಲಿ ದೂರದಿಂದ ನೋಡಿ ಮೂಗು ಮುರಿದ ಮನೆಗಳ ಮಕ್ಕಳೂ ಅಲ್ಲಿದ್ದರು. ದೇವರ ಮೇಲೆ ಸಿಟ್ಟು ಮಾಡಿಕೊಳ್ಳಲು ಅವರಿಗೆ ಕಾರಣವಿತ್ತು ಅಂತ ಆ ಮಕ್ಕಳಿಗೆ ಅವತ್ತು ತಿಳಿಯಿತು.

ಇದನ್ನೆಲ್ಲ ಓದಿ, ವಾರಕ್ಕೊಂದು ಕತೆ ಹೇಳಿಸಿದರೆ ಎಲ್ಲ ಸರಿಹೋಗುತ್ತದೆ ಎಂದು ಯಾರೂ ತಿಳಿಯಬೇಡಿ. 'ಬಾಂಗ್ಲಾ' ಎಂಬ ಮಾತು ಮೈದಾನದಿಂದ ಪೂರ್ತಿ ಹೋಗಿಲ್ಲ. ಬದಲಾದದ್ದು ಇಷ್ಟು: ಯಾರಾದರೂ ಹಾಗೆ ಅಂದರೆ ಈಗ ಯರವರ ಹುಡುಗಿ ಮುಂದೆ ಬಂದು, "ಅವಳು ಅಸ್ಸಾಮಿನವಳು, ಅವಳ ಊರು ಬರ್ಪೇಟಾ, ನಿಂಗೆ ಗೊತ್ತಿಲ್ಲದಿದ್ರೆ ಸುಮ್ನಿರು" ಅನ್ನುತ್ತಾಳೆ. ಟೀಚರ್ ಗದರಿದ್ದಕ್ಕಿಂತ ಗೆಳತಿ ಗದರಿದ್ದು ಹೆಚ್ಚು ನಾಟುತ್ತದೆ. ಕತೆ ಹುಟ್ಟಿದ್ದೂ ಆ ಗೆಳೆತನದಿಂದ. ಒಂದೇ ಬೆಂಚು, ಒಂದೇ ಸಾಲಿನ ಬಿಸಿಯೂಟ, ಮೊಟ್ಟೆ ದಿನ ಅರ್ಧ ಮೊಟ್ಟೆಗೆ ಅರ್ಧ ಚಿಕ್ಕಿಯ ವ್ಯಾಪಾರ, ಕುಂಟೆಬಿಲ್ಲೆಯ ಜಗಳ, ಇಷ್ಟೆಲ್ಲ ಆದಮೇಲೆ ಕತೆ ಬಂದಿದ್ದು. ಅದಕ್ಕೇ ಹೊರಗಿನಿಂದ ಬಂದ ಮಕ್ಕಳನ್ನೆಲ್ಲ ಒಂದೇ ಮೂಲೆಯಲ್ಲಿ ಗುಂಪು ಮಾಡಿ ಕೂರಿಸುವುದನ್ನು ನಾನು ಒಪ್ಪುವುದಿಲ್ಲ. ಕಲಿಸಲು ಸುಲಭ ಅನ್ನುತ್ತಾರೆ. ಕಲಿಸುವವರಿಗೆ ಸುಲಭ, ಮಕ್ಕಳಿಗಲ್ಲ.

ಮಗುವನ್ನು ಎಬ್ಬಿಸಿ ನಿಲ್ಲಿಸಿ, "ನಿಮ್ಮವರು ಏನು ತಿಂತಾರೆ, ನಿಮ್ಮ ಹಬ್ಬ ಯಾವುದು, ಎಲ್ಲರಿಗೂ ಹೇಳು" ಅನ್ನುವುದೂ ನನಗೆ ಇಷ್ಟವಿಲ್ಲ. ಒಂಬತ್ತು ವರ್ಷದ ಮಗು ಇಡೀ ರಾಜ್ಯದ ಪರವಾಗಿ ಉತ್ತರ ಕೊಡಬೇಕೆ? ಅಜ್ಜಿ ಹೇಳಿದ ಕತೆ ಕೇಳಿ. ಅದು ಅದರ ಸ್ವಂತದ್ದು. ಹೇಳಲು ಮನಸ್ಸಿಲ್ಲದಿದ್ದರೆ ಬಿಟ್ಟುಬಿಡಿ. ಇಡೀ ವರ್ಷ ಕೇಳುತ್ತಲೇ ಕೂತ ಮಕ್ಕಳೂ ನನ್ನಲ್ಲಿದ್ದಾರೆ, ಅವರೂ ಏನನ್ನೂ ಕಳೆದುಕೊಂಡಿಲ್ಲ.

ಸಹೋದ್ಯೋಗಿಗಳಲ್ಲಿ ಕೆಲವರು, ಪೋಷಕರಲ್ಲಿ ಕೆಲವರು ಕೇಳುವ ಪ್ರಶ್ನೆ ಒಂದಿದೆ. ನಮ್ಮ ಮಕ್ಕಳಿಗೇ ಕನ್ನಡ ಸರಿಯಾಗಿ ಬರುವುದಿಲ್ಲ, ಮಧ್ಯೆ ಇವರ ಕತೆ ಯಾಕೆ? ಈ ಕಾಳಜಿ ಸುಳ್ಳಲ್ಲ, ಕನ್ನಡದ ಬಗ್ಗೆ ನನಗೂ ಅಷ್ಟೇ ಕಳಕಳಿಯಿದೆ. ಆದರೆ ನೋಡಿ, ಆ ಹುಡುಗಿ ಕನ್ನಡ ಕಲಿತದ್ದು ಯಾತಕ್ಕೆ? ತೇಜಿಮೋಲಾಳ ಕತೆಯನ್ನು ಗೆಳತಿಗೆ ಹೇಳಲೇಬೇಕಿತ್ತು, ಇಬ್ಬರಿಗೂ ಅರ್ಥವಾಗುವ ಭಾಷೆ ಇದೊಂದೇ ಇತ್ತು. ಅವಳಿಗೆ ಅಸ್ಸಾಮಿ, ಇವಳಿಗೆ ಯರವ ಭಾಷೆ, ಇಬ್ಬರಿಗೂ ನಡುವೆ ಕನ್ನಡ. ಕನ್ನಡಕ್ಕೆ ಇದಕ್ಕಿಂತ ಗೌರವದ ಸ್ಥಾನ ಯಾವುದಿದೆ? ಕೊಡಗಿನಲ್ಲಿ ಇದು ಹೊಸದೂ ಅಲ್ಲ. ನಡಿಕೇರಿಯಂಡ ಚಿಣ್ಣಪ್ಪ ಕೊಡವರ ಹಾಡು, ಪದ್ಧತಿಗಳನ್ನೆಲ್ಲ ಕಲೆಹಾಕಿ 1924ರಲ್ಲಿ 'ಪಟ್ಟೋಲೆ ಪಳಮೆ' ಹೊರತಂದಾಗ ಅದು ಅಚ್ಚಾದದ್ದು ಕನ್ನಡ ಲಿಪಿಯಲ್ಲಿ. 2011ರ ಗಣತಿಯಲ್ಲಿ ಕೊಡವ ಭಾಷಿಕರು 1.13 ಲಕ್ಷ ಚಿಲ್ಲರೆ ಮಾತ್ರ, ಯುನೆಸ್ಕೊ ಅದನ್ನು ಅಳಿವಿನಂಚಿನ ಭಾಷೆಗಳ ಪಟ್ಟಿಯಲ್ಲಿಟ್ಟಿದೆ. ಸಣ್ಣ ಭಾಷೆಯ ನೋವು ಏನೆಂದು ಬಲ್ಲ ಊರು ನಮ್ಮದು. ಬೇರೆ ಊರಿನ ಮಗುವಿನ ಮಾತಿಗೆ ಕಿವಿಗೊಡಬೇಕು ಅಂತ ನಮಗೆ ಯಾರಾದರೂ ಹೇಳಿಕೊಡಬೇಕೆ?

ಇನ್ನೊಂದು ಮಾತು, ಕುಯ್ಲು ಮುಗಿದ ಮೇಲೆ ಹೋಗಿಬಿಡುವ ಮಕ್ಕಳಿಗೆ ಇಷ್ಟೆಲ್ಲ ಯಾಕೆ ಅನ್ನುವುದು. ಹೌದು, ಕೆಲವರು ಮಾರ್ಚ್ ಕೊನೆಗೆ ಹೇಳದೆ ಕೇಳದೆ ಹೋಗುತ್ತಾರೆ. ಹಾಜರಿ ಪುಸ್ತಕದಲ್ಲಿ ಹೆಸರು ಮಾತ್ರ ಉಳಿಯುತ್ತದೆ. ಆದರೆ ಕೇಳಿಸಿಕೊಂಡ ಮಕ್ಕಳು ಇಲ್ಲೇ ಇರುತ್ತಾರಲ್ಲ. ನಾಳೆ ಅವರೇ ತೋಟದ ಮಾಲೀಕರು, ಬಸ್ ಕಂಡಕ್ಟರ್, ಪೊಲೀಸ್, ನರ್ಸ್ ಆಗುವವರು. ಮುಂದೆ ಲೈನ್ ಮನೆಯ ಹೆಂಗಸೊಬ್ಬಳು ಮಗುವನ್ನೆತ್ತಿಕೊಂಡು ಆಸ್ಪತ್ರೆಗೆ ಬಂದಾಗ ಅವಳ ಜೊತೆ ಹೇಗೆ ಮಾತಾಡುತ್ತಾರೆ ಅನ್ನುವುದು ಈಗಿನ ಬೆಂಚಿನಲ್ಲೇ ತೀರ್ಮಾನವಾಗುತ್ತಿದೆ.

ಈ ಸಾಲಿನ ಕುಯ್ಲಿಗೆ ಮೊದಲು ಮೂರು ಕೆಲಸ ಆಗಲಿ ಎಂದು ಕೇಳಿಕೊಳ್ಳುತ್ತೇನೆ. ತೋಟದವರು ಲೈನ್ ಮನೆಯಲ್ಲಿ ಎಷ್ಟು ಮಕ್ಕಳಿದ್ದಾರೆಂದು ನೋಡಿ ಹತ್ತಿರದ ಶಾಲೆಗೆ ಹೇಳಿಕಳಿಸಿ. ಜನನ ಪ್ರಮಾಣಪತ್ರವಿಲ್ಲ ಎಂದು ಯಾರಾದರೂ ತಿರುಗಿಸಿ ಕಳಿಸಿದರೆ ಸುಮ್ಮನಾಗಬೇಡಿ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ವಯಸ್ಸಿನ ದಾಖಲೆಯಿಲ್ಲ ಎನ್ನುವ ಕಾರಣಕ್ಕೆ ಪ್ರವೇಶ ನಿರಾಕರಿಸುವಂತಿಲ್ಲ, ಮಗುವನ್ನು ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಬೇಕು. ಇನ್ನು ಪ್ರತಿಭಾ ಕಾರಂಜಿಯ ಕತೆ ಹೇಳುವ ಸ್ಪರ್ಧೆಗೆ ಮಕ್ಕಳನ್ನು ತಯಾರು ಮಾಡುವ ನನ್ನಂಥ ಟೀಚರುಗಳಿಗೆ: ಪ್ರತಿ ವರ್ಷ ಅದೇ ನಾಲ್ಕೈದು ನೀತಿಕತೆಗಳನ್ನು ಬಾಯಿಪಾಠ ಮಾಡಿಸುತ್ತೇವಲ್ಲ, ಈ ಸಲ ಒಂದು ಮಗುವಿಗಾದರೂ ಅದರ ಮನೆಯ ಕತೆಯನ್ನು ಕನ್ನಡದಲ್ಲಿ ಹೇಳಲು ಬಿಡೋಣ. ಉಚ್ಚಾರ ತಪ್ಪಿದರೆ ತಪ್ಪಲಿ. ತೀರ್ಪುಗಾರರಾಗಿ ಕೂರುವವರೂ ಹಾವಭಾವಕ್ಕೆ ಅಂಕ ಕೊಡುವ ಹಾಗೆ, ಇದುವರೆಗೆ ನಾವು ಕೇಳದ ಕತೆಯನ್ನು ತಂದ ಮಗುವಿಗೂ ಅಂಕ ಕೊಡಲಿ. ನಿಮ್ಮ ಶಾಲೆಯಲ್ಲಿ, ನಿಮ್ಮ ಬಡಾವಣೆಯಲ್ಲಿ ಮಕ್ಕಳು ಹೀಗೆ ತಂದ ಕತೆಗಳಿದ್ದರೆ ಇಲ್ಲಿ ಬರೆಯಿರಿ, ಶನಿವಾರ ನಮ್ಮ ಮಕ್ಕಳಿಗೆ ಓದಿ ಹೇಳುತ್ತೇನೆ.